ಬೆಳಕು ತೆರವು ಮಾಡಿಕೊಡುವ ಜಾಗ



ಇಂಡಿ ತಾಲ್ಲೂಕಿನ ತಾಂಬಾದಂಥ ಊರಲ್ಲಿ ಮದುವೆ ಮುಗಿದ ಮರುದಿನ ಅಂಗಳದ ಹಗ್ಗದ ತುಂಬ ಧೋತರಗಳು. ಎಲ್ಲದಕ್ಕೂ ಅರಿಶಿನದ ಕಲೆ. ಸಬಕಾರ ಹಚ್ಚಿದರೆ ಕೆಂಪಗಾಗುತ್ತದೆ, ಕುದಿನೀರಿಗೂ ಜಗ್ಗುವುದಿಲ್ಲ. "ಬಿಸಲಿಗಿ ಹಾಕ್ರಿ, ತಾನ ಹೋಗ್ತದ" ಎನ್ನುತ್ತಾರೆ ಹಿರಿಯರು. ಸಂಜೆ ಹೊತ್ತಿಗೆ ಕಲೆ ಮಸುಕಾಗಿರುತ್ತದೆ. ಕುದಿನೀರಿನ ಕಾವಿಗೆ ಆಗದ್ದು ಬೆಳಕಿಗೆ ಆಯಿತು. ಕಾವು ಬಟ್ಟೆ, ಕಲೆ ಎರಡನ್ನೂ ಒಂದೇ ಸಮ ಕಾಯಿಸುತ್ತದೆ. ಬೆಳಕು ಹಾಗಲ್ಲ, ಅದನ್ನು ಹೀರಬಲ್ಲ ವಸ್ತುವಿಗೆ ಮಾತ್ರ ತಾಗುತ್ತದೆ. ಹಳದಿ ಬಣ್ಣ ಬೆಳಕನ್ನು ಹೀರಿ ಒಡೆಯಿತು, ಬಿಳಿ ನೂಲು ಉಳಿಯಿತು.

ಇನ್ನು ಅಡುಗೆಮನೆಗೆ ಬನ್ನಿ. ಹೆಂಡಿಯಿಂದ ಬರುವ ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಒಂದು ಇಂಗಾಲ, ಅದರ ಸುತ್ತ ನಾಲ್ಕು ಹೈಡ್ರೋಜನ್, ಅಷ್ಟೇ ಅದರ ಸಂಸಾರ. ಆದರೆ ಆ ಒಂದೊಂದು ಬಂಧ ಬಲು ಗಟ್ಟಿ. ಮೊದಲನೆಯದನ್ನು ಕಡಿಯಲು ಮೋಲ್ ಒಂದಕ್ಕೆ ಸುಮಾರು 439 ಕಿಲೋಜೂಲ್ ಶಕ್ತಿ ಬೇಕು. ಒಲೆಯ ನೀಲಿ ಉರಿ ಅದನ್ನು ಕಡಿಯುತ್ತದೆ ನಿಜ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಒಂದು ಬಂಧ ಕಡಿದು ಆಮ್ಲಜನಕ ಸೇರಿಸಿದರೆ ಮೆಥನಾಲ್ ಆಗಬೇಕು. ಆದರೆ ಮೆಥನಾಲಿನ ಇಂಗಾಲ–ಹೈಡ್ರೋಜನ್ ಬಂಧ ಮೀಥೇನಿನದಕ್ಕಿಂತ ಸಡಿಲ. ಮೊದಲ ಗಂಟು ಬಿಚ್ಚಿದ ಉರಿಗೆ ಉಳಿದವು ಲೆಕ್ಕಕ್ಕೇ ಇಲ್ಲ. ಕೊನೆಗೆ ಸಿಗುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಬಂಧ ಕಡಿಯುವುದಕ್ಕಿಂತ ಒಂದನ್ನೇ ಕಡಿದು ನಿಲ್ಲಿಸುವುದು ಕಷ್ಟ.

ಇಲ್ಲಿಗೆ ಲೋಹ ಬಂತು. ಇಂಗಾಲದ ಅಣುಗಳನ್ನು ಮೈಗೆ ಅಂಟಿಸಿಕೊಂಡ ಲೋಹಸಂಯುಕ್ತಗಳನ್ನು ಸಾವಯವ ಲೋಹ ಸಂಕೀರ್ಣಗಳು ಎನ್ನುತ್ತೇವೆ. ಲೋಹವನ್ನು ಜಾತ್ರೆಗೆ ಹೊರಟ ಬಸ್ಸು ಎಂದುಕೊಳ್ಳಿ, ಒಂದು ಸೀಟೂ ಖಾಲಿ ಇಲ್ಲ. ಬೆಳಕು ಬಿದ್ದಾಗ ಒಬ್ಬ ಏಳುತ್ತಾನೆ. ಆ ಜಾಗಕ್ಕೆ ಪಕ್ಕದಲ್ಲಿದ್ದವನು ಯಾರಾದರೂ ಸರಿ, ಕೂತುಬಿಡುತ್ತಾನೆ.

ಇದನ್ನು ಕಣ್ಣಾರೆ ಕಂಡಂತೆ ತೋರಿಸಿದ್ದು 1975ರಲ್ಲಿ ರಸಾಯನವಿಜ್ಞಾನಿಗಳಾದ ಪೆರುಟ್ಜ್ ಮತ್ತು ಟರ್ನರ್. ಕ್ರೋಮಿಯಂ ಹೆಕ್ಸಾಕಾರ್ಬೊನಿಲ್ ಎಂಬ ವಸ್ತುವನ್ನು ಸೊನ್ನೆಗಿಂತ 250 ಡಿಗ್ರಿಗೂ ಹೆಚ್ಚು ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟಿದ ಅನಿಲದೊಳಗೆ ಹುದುಗಿಸಿ ಬೆಳಕು ಹಾಯಿಸಿದರು. ಒಂದು ಕಾರ್ಬನ್ ಮಾನಾಕ್ಸೈಡ್ ಎದ್ದು ಹೋಯಿತು. ಸುತ್ತ ನಿಯಾನ್ ಇದ್ದಾಗ ಸಂಯುಕ್ತ 624 ನ್ಯಾನೋಮೀಟರಿನ ಬೆಳಕನ್ನು ಹೀರಿತು, ಮೀಥೇನ್ ಇದ್ದಾಗ 489. ಬಣ್ಣವೇ ಬದಲು! ಯಾರೊಂದಿಗೂ ಸೇರದ ಮೀಥೇನ್ ಆ ಖಾಲಿ ಸೀಟಿಗೆ ಬಂದು ಆತುಕೊಂಡಿತ್ತು.

ಆತುಕೊಳ್ಳುವುದು ಬೇರೆ, ಬಂಧ ಬಿಡಿಸುವುದು ಬೇರೆ. ಮೀಥೇನಿನ ಕುಲದ ಹೈಡ್ರೋಕಾರ್ಬನ್ನುಗಳ ಬಂಧ ಹೀಗೆ ಬಿಟ್ಟಿದ್ದು 1982ರಲ್ಲಿ. ಅಮೆರಿಕದಲ್ಲಿ ಬರ್ಗ್‌ಮನ್, ಕೆನಡಾದಲ್ಲಿ ಗ್ರಹಾಂ, ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಇರಿಡಿಯಂ ಹಿಡಿದರು. ಬರ್ಗ್‌ಮನ್ನರ ಸಂಯುಕ್ತದಿಂದ ಬೆಳಕು ಹೈಡ್ರೋಜನ್ ಅಣುವನ್ನು ಹೊರಗೆ ಕಳಿಸಿತು, ಗ್ರಹಾಂ ಅವರದರಿಂದ ಕಾರ್ಬನ್ ಮಾನಾಕ್ಸೈಡನ್ನು. ಬರಿದಾದ ಇರಿಡಿಯಂ ಪಕ್ಕದ ಹೈಡ್ರೋಕಾರ್ಬನ್ನಿನ ಇಂಗಾಲ ಮತ್ತು ಹೈಡ್ರೋಜನ್ನಿನ ನಡುವೆ ನುಗ್ಗಿ, ಒಂದನ್ನು ಒಂದು ಕೈಯಲ್ಲಿ, ಇನ್ನೊಂದನ್ನು ಇನ್ನೊಂದು ಕೈಯಲ್ಲಿ ಹಿಡಿಯಿತು. ಅದೂ ಹೆಚ್ಚು ಗಟ್ಟಿಯಾದ ಬಂಧವನ್ನೇ ಆರಿಸಿಕೊಂಡು! ನನಗೆ ಈ ಇಡೀ ಕಥೆಯಲ್ಲಿ ಅತಿ ಪ್ರಿಯವಾದ ಸಂಗತಿ ಇದು. ಉರಿ ಸಡಿಲ ಬಂಧವನ್ನು ಹುಡುಕುತ್ತದೆ, ಲೋಹ ಗಟ್ಟಿಯದನ್ನು.

ಗಮನಿಸಿ, ಮೀಥೇನಿಗೆ ಬಣ್ಣವಿಲ್ಲ, ಈ ಬೆಳಕು ಅದಕ್ಕೆ ತಾಗುವುದೇ ಇಲ್ಲ. ಬೆಳಕು ಕುಡಿಯುವುದು ಲೋಹಸಂಯುಕ್ತ, ಧೋತರದ ಮೇಲಿನ ಅರಿಶಿನದಂತೆ. ಬಂಧ ಕಡಿಯುವ ಕೆಲಸ ಬೆಳಕಿನದಲ್ಲ. ಅದು ಲೋಹದ ಮೇಲೆ ಜಾಗ ತೆರವು ಮಾಡುತ್ತದೆ, ಮುಂದಿನದನ್ನು ಲೋಹ ನೋಡಿಕೊಳ್ಳುತ್ತದೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರದಾರ ಅವರ ತಂಡ ರುಥೇನಿಯಂ ಮೇಲೆ ಹೈಡ್ರೋಜನ್ ಅಣು ಒಡೆಯದೆ ಇಡಿಯಾಗಿ ಕೂರುವ ಸ್ಥಿತಿಯನ್ನು ಅಭ್ಯಾಸ ಮಾಡಿದೆ. ಬಂಧ ಇನ್ನೂ ಇದೆ, ಆದರೆ ಅರ್ಧ ಬಿಟ್ಟುಕೊಟ್ಟಿದೆ. ಮೀಥೇನ್ ಮುರಿಯುವ ಮುಂಚಿನ ಆ ಕ್ಷಣವೂ ಇಂಥದ್ದೇ.

ಕೆಲಸ ಮುಗಿದಿಲ್ಲ. ಇರಿಡಿಯಂ ಬಲು ದುಬಾರಿ. ಹಿಡಿದ ಇಂಗಾಲವನ್ನು ಅದು ಸುಲಭಕ್ಕೆ ಬಿಡುವುದೂ ಇಲ್ಲ. ಬಿಟ್ಟರೆ ತಾನೇ ಮುಂದಿನ ಅಣುವಿಗೆ ಜಾಗ? ಆ ಪ್ರಯೋಗಗಳಿಗೆ ಬೇಕಾದದ್ದು ದೀಪದ ನೇರಳಾತೀತ ಬೆಳಕು, ನಮ್ಮ ಬಿಸಿಲಲ್ಲಿ ಅದರ ಪಾಲು ಕಡಿಮೆ. ಆದರೂ ಈ ಪ್ರಯತ್ನ ಯಾಕೆಂದರೆ, ಮೀಥೇನ್ ದ್ರವವಾಗಬೇಕಾದರೆ ಸೊನ್ನೆಗಿಂತ 161 ಡಿಗ್ರಿ ಕೆಳಗೆ ಇಳಿಸಬೇಕು, ಹಾಗಾಗಿ ಗೋಬರ್ ಗ್ಯಾಸು ಹೆಂಡಿಯ ಗುಂಡಿಯಿಂದ ಒಲೆಯವರೆಗೆ ಹೋದರೆ ಹೆಚ್ಚು. ಮೆಥನಾಲ್ ಮಾತ್ರ ತಾಂಬಾದ ಮೇ ತಿಂಗಳ ಬಿಸಿಲಲ್ಲೂ ದ್ರವವಾಗಿಯೇ ಇರುತ್ತದೆ, ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು ಇಂಡಿಯ ತನಕ ಒಯ್ಯಬಹುದು.