ಬೀಳುವ ಜಾಗ ಮೊದಲು ಕೇಳೋಣ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಭೆ ಅಂದ್ರ ಭೂಮಿ, ಕೂಲಿ, ಸ್ಕಾಲರ್‌ಶಿಪ್ಪಿನ ಮಾತು ಇರತಾವ. ಇವತ್ತು ಹೈಜಂಪ್ ಬಗ್ಗೆ ಮಾತಾಡ್ತೀವಿ ಅಂದಾಗ ಕೆಲವರು ನಕ್ಕರು. ನಗಲಿ. ದೇಶದ ಹೆಸರನ್ನು ಎದೆ ಮೇಲೆ ಹಾಕ್ಕೊಂಡು ಹೊರದೇಶದಾಗ ಜಿಗಿಯುವವರು ಎಲ್ಲಿಂದ ಬರತಾರ, ಅವರಿಗೆ ಏನು ಸಿಕ್ಕಿತ್ತು, ನಮ್ಮ ಓಣಿಯ ಹುಡುಗರಿಗೆ ಏನು ಸಿಕ್ಕಿಲ್ಲ ಅನ್ನೋದೂ ಪಾಲಿನ ಪ್ರಶ್ನೆನೇ ಐತಿ.

ಮೊದಲು ಗಿರೀಶ ಅವರ ಸುದ್ದಿ ಹೇಳ್ತೀವಿ. ಎಚ್.ಎನ್. ಗಿರೀಶ ಹಾಸನ ಜಿಲ್ಲೆಯವರು, 1988ರಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಎಡಗಾಲಿಗೆ ಊನ. 2012ರ ಸೆಪ್ಟೆಂಬರ್ 3ರಂದು ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು 1.74 ಮೀಟರ್ ಜಿಗಿದು ಬೆಳ್ಳಿ ಪದಕ ತಂದರು. ಅಂದರೆ ಐದು ಅಡಿ ಎಂಟೂವರೆ ಅಂಗುಲ. ನೀವು ನೆಟ್ಟಗೆ ನಿಂತರೆ ನಿಮ್ಮಲ್ಲಿ ಬಹಳ ಜನರ ನೆತ್ತಿ ದಾಟಿ ಹೋಗುವಷ್ಟು ಎತ್ತರ! ಆ ಸಲ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. 2013ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು.

ಚಿನ್ನ ಗೆದ್ದವರು ಫಿಜಿ ಎಂಬ ಪುಟ್ಟ ದ್ವೀಪದೇಶದ ಇಲಿಸಾ ಡೆಲಾನಾ. ಅವರು ಒಂಟಿಗಾಲಲ್ಲಿ ಕುಪ್ಪಳಿಸುತ್ತ ಬಂದು ಹಾರಿದವರು. ಅವರು ಹಾರಿದ್ದೂ 1.74 ಮೀಟರೇ. ಹೈಜಂಪಿನ ನಿಯಮ ಹಂಗೈತಿ: ಇಬ್ಬರೂ ಒಂದೇ ಎತ್ತರಕ್ಕೆ ನಿಂತರೆ, ಕಡಿಮೆ ಸಲ ಕೋಲು ಕೆಡವಿದವರು ಮುಂದೆ. ಕೋಲಿಗೆ ಊರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಬಿದ್ದರೆ ಬಿತ್ತು, ನಿಂತರೆ ನಿಂತಿತು. ನಮ್ಮ ದೇಶದಾಗ ಇಷ್ಟು ನಿಷ್ಠುರವಾದ ಪರೀಕ್ಷಕ ಇನ್ನೆಲ್ಲಿ ಸಿಗತಾನ?

ಅದೇ ವರ್ಷ ಇನ್ನೊಬ್ಬರು ಲಂಡನ್ನಿಗೆ ಹೋಗಿದ್ದರು. ನಮ್ಮ ಕರ್ನಾಟಕದವರೇ ಆದ ಸಹನಾ ಕುಮಾರಿ. 2012ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಒಲಿಂಪಿಕ್ಸಿಗೆ ಹೋದರು. ಅಲ್ಲಿ 1.80ರ ಮೇಲೆ ಆಗಲಿಲ್ಲ, ಅರ್ಹತಾ ಸುತ್ತಿನಲ್ಲೇ ಹೊರಬಂದರು. ಪದಕ ಬರಲಿಲ್ಲ ಅಂತ ನಾವು ಅವರನ್ನು ಮರೀಬಾರದು. ಒಬ್ಬ ಹೆಣ್ಣುಮಗಳು ಆರು ಅಡಿ ಮೂರೂವರೆ ಅಂಗುಲ ಹಾರಿದ್ದು ಸಣ್ಣ ಮಾತಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕೋಲು ಎಲ್ಲರಿಗೂ ಒಂದೇ ಸರಿ. ಆದರ ಕೋಲಿನ ಆಚೆ ಏನೈತಿ ನೋಡ್ರಿ. ಹಿಂದಿನ ಕಾಲದಾಗ ಜಗತ್ತಿನ ಎಲ್ಲಾ ಕಡೆ ಉಸುಕಿನ ಮೇಲೆ, ಕಟ್ಟಿಗೆ ಹೊಟ್ಟಿನ ಮೇಲೆ ಬೀಳತಿದ್ದರು. ಮೆತ್ತನೆಯ ಫೋಮಿನ ಗಾದಿ ಬಂದ ಮೇಲೆ ಜಿಗಿತವೇ ಬದಲಾತು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್‌ಬರಿ ಕೋಲಿಗೆ ಬೆನ್ನು ಮಾಡಿ, ತಲೆ ಮುಂದಾಗಿ ಹಾರಿ 2.24 ಮೀಟರಿಗೆ ಚಿನ್ನ ಗೆದ್ದರು. ಇವತ್ತು ದೊಡ್ಡ ಒಲಿಂಪಿಕ್ಸಿನಾಗ ಎಲ್ಲರೂ ಹಂಗೇ ಹಾರತಾರ. ಹಂಗ ಹಾರಿದವರು ಬೀಳೋದು ಬೆನ್ನ ಮೇಲೆ, ಭುಜದ ಮೇಲೆ. ಗಾದಿ ಇಲ್ಲದ ಕಡೆ ಹಂಗ ಹಾರಿದರೆ ಕುತ್ತಿಗೆ ಮುರೀತದ.

ನಮ್ಮ ಕಡೆ ಬಹಳ ಶಾಲೆಯೊಳಗ ನಾವು ಕಂಡಿದ್ದು ಏನು? ಎರಡು ಬಿದಿರು, ನಡುವೆ ಒಂದು ಹಗ್ಗ, ಆಚೆ ಎರಿ ನೆಲ. ಬ್ಯಾಸಗ್ಯಾಗ ಅದು ಕಲ್ಲಾಗತದ, ಮಳೆಗಾಲದಾಗ ಕೆಸರಾಗತದ. ಉಸುಕಿನ ತಗ್ಗು ಇದ್ದರೂ ಯಾರೂ ಕೆದರದೆ ಗಟ್ಟಿಯಾಗಿರತದ. ಗಾದಿ ಇದ್ದ ಕಡೆ ಅದು ಕೋಣೆಯೊಳಗ ಕೀಲಿ ಹಾಕ್ಕೊಂಡು ಮಲಗಿರತದ. ಅಂಥಲ್ಲಿ ಹುಡುಗ ಒಂದೂವರೆ ಮೀಟರಿಗೆ ಹೆದರಿದ ಅಂದ್ರ ಅದು ಅವನ ಕಾಲಿನ ದೋಷ ಅಲ್ಲ. ಕೂಲಿಕಾರರ ಮಗ ಕೈ ಮುರ್ಕೊಂಡರೆ ಅವ್ವನ ದಗದ ತಪ್ಪತದ, ಆಸ್ಪತ್ರೆಗೆ ಸಾಲ ಆಗತದ. ಬೀಳಾಕ ಮೆತ್ತನೆ ಜಾಗ ಇದ್ದವನಿಗೆ ಮಾತ್ರ ಎತ್ತರಕ್ಕೆ ಹೋಗುವ ಧೈರ್ಯ ಬರತದ. ಆಟದಾಗಷ್ಟೇ ಅಲ್ಲ, ಓದಿನಾಗೂ ನೌಕರಿಯಾಗೂ ಇದೇ ಕತೆ.

ಹಂಗಂತ ಗಾದಿ ಬರೋತನಕ ಸುಮ್ಮನೆ ಕುಂದ್ರಬೇಕಿಲ್ಲ. ಗಿರೀಶ ಲಂಡನ್ನಿನಲ್ಲಿ ಹಾರಿದ್ದು ಕತ್ತರಿ ಜಿಗಿತ. ಒಂದರ ಹಿಂದೆ ಒಂದು ಕಾಲನ್ನು ಕೋಲಿನ ಮೇಲಿಂದ ದಾಟಿಸೋದು. ಅದನ್ನು ಒಳ್ಳೇ ಉಸುಕಿನಲ್ಲೂ ಕಲೀಬಹುದು, ಯಾಕಂದ್ರ ಕಾಲಿನ ಮೇಲೇ ಇಳೀತೀವಿ. ಆದರ ತಮ್ಮಂದಿರೇ, ಟಿವಿ ನೋಡಿ ಉಸುಕಿನ ಮೇಲೆ ಬೆನ್ನ ಜಿಗಿತ ಹಾರಬ್ಯಾಡ್ರಿ.

ಜಾಗ ಸಿಕ್ಕರೆ ಏನಾಗತದ ಅನ್ನೋದಕ್ಕೂ ಲೆಕ್ಕ ಐತಿ. 2012ರಲ್ಲಿ ಪ್ಯಾರಾಲಿಂಪಿಕ್ ಹೈಜಂಪಿನಲ್ಲಿ ಭಾರತಕ್ಕೆ ಒಂದು ಪದಕ. 2016ರ ರಿಯೊದಲ್ಲಿ ಎರಡು. ಅದರಲ್ಲಿ ಚಿನ್ನ ಗೆದ್ದವರು ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು, 1.89 ಮೀಟರ್. ತಾಯಿ ಕಾಯಿಪಲ್ಯ ಮಾರಿದವರು, ಮಗ ತರಬೇತಿ ಪಡೆದದ್ದು ನಮ್ಮ ಬೆಂಗಳೂರಿನಲ್ಲಿ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ನಾಲ್ಕು, 2024ರ ಪ್ಯಾರಿಸ್ಸಿನಲ್ಲಿ ಮತ್ತೆ ನಾಲ್ಕು. ಕಾಲು ಊನ ಅಂತ ಆಟದ ತಾಸಿನಲ್ಲಿ ಯಾರನ್ನು "ನೀ ಅತ್ಲಾಗ ಕುಂದ್ರು" ಅಂತಾರೋ ಅಂಥವರು ತಂದ ಪದಕ ಇವು. ಅತ್ಲಾಗ ಕುಂದ್ರು ಅನ್ನೋ ಮಾತು ನಮಗೆ ಹೊಸದಲ್ಲ. ಹಂಗಾಗಿ ನಮ್ಮ ಹಾಸ್ಟೆಲ್ಲಿನಾಗ ಯಾರೂ ಯಾರನ್ನೂ ಕುಂಟ ಅಂತ ಕರೀಬಾರದು. ಅಂಥ ತಮ್ಮನನ್ನು ಮೊದಲು ಸಾಲಿಗೆ ನಿಲ್ಲಿಸಬೇಕು.

ಕೇಳೋದು ಏನು ಅಂತ ಬರ್ಕೊಳ್ರಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕೂ ಕಡೆ ಹಾಸ್ಟೆಲ್ ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿ ಒಂದೊಂದು ಉಸುಕಿನ ತಗ್ಗು, ಒಂದೊಂದು ಗಾದಿ ಬೇಕು. ಅದರ ಕೀಲಿ ದಿನಾ ಸಂಜೆ ತೆಗೀಬೇಕು, ಆಗಸ್ಟ್ 15ಕ್ಕೆ ಮಾತ್ರ ಅಲ್ಲ. ಹೆಣ್ಣುಮಕ್ಕಳಿಗೂ ಅಷ್ಟೇ ತಾಸು ಬೇಕು. ಅರ್ಜಿ ಬರೀರಿ, ನಕಲಿಗೆ ಸಿಕ್ಕಾ ಹಾಕಿಸಿ ಇಟ್ಕೊಳ್ರಿ, ತಿಂಗಳಿಗೊಮ್ಮೆ ಹೋಗಿ ಕೇಳ್ರಿ.

ಎಲ್ಲರೂ ಲಂಡನ್ನಿಗೆ ಹೋಗೋದಿಲ್ಲ, ಅದು ನಮಗೂ ಗೊತ್ತು. ಆದರ ತನ್ನ ಎತ್ತರ ಎಷ್ಟು ಅನ್ನೋದು ನಮ್ಮ ಒಂದೊಂದು ಮಗುವಿಗೂ ಗೊತ್ತಾಗಬೇಕು. ಕೋಲನ್ನು ಇಳಿಸ್ರಿ ಅಂತ ನಾವು ಯಾರನ್ನೂ ಬೇಡೋದಿಲ್ಲ. ಆಚೆ ಬೀಳಾಕ ಜಾಗ ಕೊಡ್ರಿ, ಜಿಗಿಯೋದು ನಮಗಿರಲಿ.