ಬೀದಿಯ ಮೇಲೆ, ಬೀದಿಯ ಕೆಳಗೆ



ಪೌರಾಡಳಿತವನ್ನು ಕುರಿತು ಮಾತನಾಡುವವರು ಅರಿಸ್ಟಾಟಲನಿಂದ ಆರಂಭಿಸುವುದು ವಾಡಿಕೆ. ಕಾಲೇಜಿನಲ್ಲಿ ನಾವೂ ಹಾಗೆಯೇ ಪಾಠ ಹೇಳುತ್ತ ಬಂದವರು. ಈ ಸಂಜೆ ಮಾತ್ರ ಜಯನಗರದ ಒಂದು ಅಡ್ಡರಸ್ತೆಯಿಂದ ಆರಂಭಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ಒಂದು ಬೇಸಗೆಯಲ್ಲಿ ಆ ರಸ್ತೆಯ ಏಳೆಂಟು ಮನೆಗಳ ನಲ್ಲಿಯಲ್ಲಿ ಬಂದ ನೀರು ತುಸು ಹಳದಿಯಾಗಿತ್ತು. ಮೊದಲ ದಿನ ಮಣ್ಣು ಸೇರಿರಬಹುದೆಂದುಕೊಂಡೆವು. ಎರಡನೆಯ ಸರದಿಯಲ್ಲಿ ವಾಸನೆಯೂ ಬಂದಿತು. ಮೂರನೆಯ ಸರದಿಯ ಹೊತ್ತಿಗೆ ನೆರೆಮನೆಯ ಮಗುವಿಗೆ ವಾಂತಿಭೇದಿ ಹತ್ತಿ, ನಡುರಾತ್ರಿಯಲ್ಲಿ ಅದನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ಮರುದಿನ ನಾವು ನಾಲ್ಕು ಮಂದಿ ಕೂಡಿ ಕಛೇರಿಗಳನ್ನು ಹುಡುಕಿಕೊಂಡು ಹೊರಟೆವು. ಒಂದು ಕಡೆ, ರಸ್ತೆ ನಮ್ಮದು, ಕೊಳವೆ ನಮ್ಮದಲ್ಲ ಎಂದರು. ಇನ್ನೊಂದು ಕಡೆ, ಕೊಳವೆ ನಮ್ಮದೇ, ಆದರೆ ಒಳಚರಂಡಿಯ ಶಾಖೆ ಬೇರೆ ಎಂದರು. ಆ ಕಛೇರಿಗಳ ಹೆಸರು ಇಲ್ಲಿ ಅಪ್ರಸ್ತುತ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಕಡೆಗೆ ಒಳಚರಂಡಿಯ ಕಟ್ಟನ್ನು ಬಿಡಿಸುವ ಜೆಟ್ಟಿಂಗ್ ಯಂತ್ರವು ನಮ್ಮ ರಸ್ತೆಗೆ ಬಂದೇ ಬಂದಿತು. ಬಂದು, ಅರ್ಧ ಗಂಟೆ ಕಾದು, ಹಿಂದಿರುಗಿತು. ಏಕೆಂದರೆ ಮ್ಯಾನ್‌ಹೋಲಿನ ಮುಚ್ಚಳದ ಮೇಲೆ ಒಂದು ಕಾರು ನಿಂತಿತ್ತು. ಅದರ ಒಡೆಯರು ಊರಾಚೆಯ ಕಾಲೇಜಿನಲ್ಲಿ ಪೌರಧರ್ಮದ ಪಾಠ ಹೇಳುತ್ತಿದ್ದರು. ಬೀಗದ ಕೈ ಅವರ ಜೇಬಿನಲ್ಲಿತ್ತು. ಯಂತ್ರವು ಮತ್ತೆ ಬಂದುದು ನಾಲ್ಕು ದಿನಗಳ ಮೇಲೆ. ಆ ಕಾರು ನಮ್ಮದೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಭಾಷಣವನ್ನು ಒಪ್ಪಿಕೊಂಡೆವೆಂದರೂ ಸಲ್ಲುವುದು.

ಬೀದಿ ಎಂದರೆ ನಾವು ಕಾಣುವ ಟಾರು ಮಾತ್ರವಲ್ಲ. ಅದರ ಕೆಳಗೆ ಕುಡಿಯುವ ನೀರಿನ ಕೊಳವೆಯೂ ಕೊಳಚೆಯ ಕೊಳವೆಯೂ ದಾಯಾದಿಗಳಂತೆ ಅಕ್ಕಪಕ್ಕದಲ್ಲೇ ಮಲಗಿರುತ್ತವೆ. ನಿಯಮದ ಪ್ರಕಾರ ನೀರಿನ ಕೊಳವೆ ಮೇಲೆಯೂ ಕೊಳಚೆಯದು ಕೆಳಗೂ ಇರತಕ್ಕದ್ದು. ಎರಡರ ನಡುವೆ ಸಾಕಷ್ಟು ಅಂತರವಿರತಕ್ಕದ್ದು. ಇಕ್ಕಟ್ಟಾದ ರಸ್ತೆಯಲ್ಲಿ, ಹತ್ತು ಬಾರಿ ಅಗೆದು ಮುಚ್ಚಿದ ನೆಲದಲ್ಲಿ, ಈ ನಿಯಮ ಎಲ್ಲೆಡೆಯೂ ಉಳಿದಿರುವುದಿಲ್ಲ. ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುತ್ತಿರುವವರೆಗೆ ಭಯವಿಲ್ಲ. ಬಿರುಕಿದ್ದರೆ ಒಳಗಿನ ನೀರು ಹೊರಗೆ ಸೋರುವುದೇ ಹೊರತು ಹೊರಗಿನದು ಒಳಗೆ ಬಾರದು. ಆದರೆ ನಮ್ಮ ಬಡಾವಣೆಗಳಲ್ಲಿ ಬಹುಮಟ್ಟಿಗೆ ದಿನ ಬಿಟ್ಟು ದಿನ, ಕೆಲವೇ ಗಂಟೆಗಳ ಕಾಲ ನೀರನ್ನು ಬಿಡುವುದು ರೂಢಿಯಾಗಿದೆ. ವಾಲ್ವನ್ನು ತಿರುಗಿಸಿ ನೀರನ್ನು ನಿಲ್ಲಿಸಿದೊಡನೆ ಕೊಳವೆ ಬರಿದಾಗುತ್ತದೆ, ಒತ್ತಡವು ಇಳಿಯುತ್ತದೆ. ಆಗ ಸುತ್ತಣ ಮಣ್ಣಿನಲ್ಲಿ ಕೊಳಚೆ ಕಟ್ಟಿ ನಿಂತಿದ್ದರೆ ಅದು ಸಡಿಲವಾದ ಕೀಲಿನಿಂದ ಮೆಲ್ಲಗೆ ಒಳಗೆ ಇಳಿಯುವುದು. ಇದರ ಮೇಲೆ, ನೀರು ಬರುವ ಹೊತ್ತಿಗೆ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವ ಮನೆಗಳೂ ಉಂಟು. ಇದು ನಿಷಿದ್ಧವೆಂದು ಎಲ್ಲರಿಗೂ ಗೊತ್ತು. ಅದು ಎಳೆಯುವುದು ನೆರೆಯವರ ಪಾಲಿನ ನೀರನ್ನಷ್ಟೇ ಅಲ್ಲ; ಚರಂಡಿಯ ರಸವನ್ನೂ ಎಳೆಯುತ್ತದೆ.

ಹೀಗಾಗಿ, ಕಟ್ಟಿಕೊಂಡ ಒಂದು ಮ್ಯಾನ್‌ಹೋಲಿಗೂ ಒಂದು ಮಗುವಿನ ಜ್ವರಕ್ಕೂ ನಡುವೆ ಇರುವ ಹಾದಿ ಬಹಳ ಉದ್ದದ್ದಲ್ಲ. ಲಂಡನ್ನಿನ ಜನ ಇದನ್ನು 1854ರಲ್ಲಿಯೇ ಕಂಡರು. ಸೋಹೋ ಎಂಬ ಕೇರಿಯಲ್ಲಿ ಕಾಲರಾ ಎದ್ದು ನೂರಾರು ಮಂದಿ ಸತ್ತಾಗ, ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣವೆಂದು ಊಹಿಸಿದನು. ಆತ ಹೋದುದು ಅಲ್ಲಿಯ ಪ್ಯಾರಿಷ್ ಮಂಡಲಿಗೆ; ಅಂದರೆ ನಮ್ಮ ವಾರ್ಡಿನ ಸಭೆಯಂಥ ಒಂದು ಸಭೆಗೆ. ಆ ಸಭೆಯವರಿಗೆ ಅವನ ಸಿದ್ಧಾಂತದಲ್ಲಿ ಪೂರ್ಣ ನಂಬಿಕೆ ಹುಟ್ಟಲಿಲ್ಲ. ಆದರೂ ಮರುದಿನವೇ ಪಂಪಿನ ಹಿಡಿಯನ್ನು ಕಳಚಿಸಿದರು. ಬಾವಿಯಿಂದ ಕೆಲವೇ ಅಡಿಗಳಾಚೆ ಒಂದು ಮನೆಯ ಮಲದ ಗುಂಡಿ ಸೋರುತ್ತಿದ್ದುದು ಆಮೇಲೆ ತಿಳಿಯಿತು. ನಮಗೆ ಈ ಕಥೆಯಲ್ಲಿ ವೈದ್ಯನಿಗಿಂತಲೂ ಆ ಮಂಡಲಿಯೇ ಹೆಚ್ಚು ಮೆಚ್ಚಿಕೆಯಾಗಿದೆ. ದೂರು ಹೇಳುವವನಿಗೆ ಹೋಗಲು ಒಂದು ಬಾಗಿಲಿತ್ತು. ಒಳಗೆ ಕುಳಿತವರಿಗೆ ಮರುದಿನ ಬೆಳಗ್ಗೆ ಏನಾದರೂ ಮಾಡುವ ಅಧಿಕಾರವಿತ್ತು.

ನಮ್ಮ ಬೆಂಗಳೂರಿಗೆ ಕೊಳಾಯಿ ನೀರು ಬಂದುದು 1890ರ ದಶಕದಲ್ಲಿ, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ. ಅದಕ್ಕೆ ಮುಂಚೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೂ ಬಾವಿಗಳೂ ಊರನ್ನು ಸಾಕುತ್ತಿದ್ದುವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಬರಿದು ಮಾಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳ ಬೆಲೆ ಜನರಿಗೆ ತಿಳಿಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1948ರಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತು ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅದನ್ನು ಹಾಕಿದವರು ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳು ಮೂರು ಊರುಗಳು: ಬೈರಸಂದ್ರ, ತಾವರೆಕೆರೆ, ಮಡಿವಾಳ. ಊರಿನ ಹೆಸರಿನಲ್ಲೇ ಕೆರೆಯಿತ್ತು; ಈಗ ಅಕ್ಷರ ಮಾತ್ರ ಉಳಿದಿದೆ ಎಂದು ಹೇಳಿದರೆ ಸ್ವಲ್ಪ ಅನ್ಯಾಯವಾದೀತು, ಏಕೆಂದರೆ ಮಡಿವಾಳದ ಕೆರೆ ಇನ್ನೂ ಇದೆ.

ಕಾವೇರಿಯ ನೀರು ನಗರಕ್ಕೆ ಮುಟ್ಟಿದುದು 1974ರಲ್ಲಿ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಅದು ನಮ್ಮ ಸಂಪಿಗೆ ಇಳಿಯುತ್ತದೆ. ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರು ಹೆಚ್ಚಿಗೆ ತರುವ ಏರ್ಪಾಡಾಯಿತು. ಇಷ್ಟು ಕಷ್ಟಪಟ್ಟು ಬೆಟ್ಟ ಹತ್ತಿ ಬಂದ ಗಂಗೆಯು ಕಡೆಯ ಇಪ್ಪತ್ತು ಅಡಿಗಳಲ್ಲಿ, ನಮ್ಮ ಬಾಗಿಲ ಮುಂದೆ, ಮೈಲಿಗೆಯಾಗುವುದು ಎಂಥ ವಿಪರ್ಯಾಸ!

ನೀರು ಶುದ್ಧವೋ ಅಲ್ಲವೋ ಎಂಬುದನ್ನು ಕಣ್ಣು ಮೂಗುಗಳು ತೀರ್ಮಾನಿಸಲಾರವು. ಕುಡಿಯುವ ನೀರಿಗೆ ಭಾರತೀಯ ಮಾನಕವೊಂದು ಉಂಟು. ಅದರ ಸಂಖ್ಯೆ 10500. ಅದರಂತೆ 100 ಮಿಲಿಲೀಟರು ನೀರಿನಲ್ಲಿ ಇ-ಕೋಲಿ ಎಂಬ ಕ್ರಿಮಿ ಒಂದೂ ಕಾಣಕೂಡದು. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು. ನಲ್ಲಿಯವರೆಗೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರೀನು ಉಳಿದಿರಬೇಕು. ಈ ಕಡೆಯದೇ ಗೃಹಸ್ಥರಿಗೆ ಬಹಳ ಉಪಯುಕ್ತವಾದ ಸೂಚನೆ. ಹೊರಟಾಗ ಇದ್ದ ಕ್ಲೋರೀನು ನಲ್ಲಿಯಲ್ಲಿ ಇಲ್ಲವೆಂದರೆ, ದಾರಿಯಲ್ಲಿ ಅದು ಯಾವುದೋ ಕೊಳೆಯೊಡನೆ ಕಾದಾಡಿ ಮುಗಿದಿರಬಹುದು. ಅಂಗಡಿಯಲ್ಲಿ ದೊರೆಯುವ ಸಣ್ಣ ಪೆಟ್ಟಿಗೆಯ ಔಷಧವನ್ನು ಒಂದೆರಡು ಹನಿ ಹಾಕಿ ಬಣ್ಣ ನೋಡಿದರೆ ಅದು ತಿಳಿಯುತ್ತದೆ. ಇನ್ನೊಂದು ಪರೀಕ್ಷೆಯನ್ನು ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದರು: ಔಷಧ ಸವರಿದ ಕಾಗದವಿರುವ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಸೋಂಕಿದ್ದ ನೀರು ಕಪ್ಪಾಗುತ್ತದೆ. ಇವು ಪ್ರಯೋಗಶಾಲೆಗೆ ಬದಲಲ್ಲ. ಆದರೆ ಕಪ್ಪಾದ ಸೀಸೆಯನ್ನು ಮೇಜಿನ ಮೇಲಿಟ್ಟು ಮಾತನಾಡುವ ಪೌರನಿಗೂ, ವಾಸನೆ ಬರುತ್ತದೆ ಸ್ವಾಮಿ ಎನ್ನುವ ಪೌರನಿಗೂ ಬಹಳ ವ್ಯತ್ಯಾಸವುಂಟು. ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿದವರು ನೈಟ್ರೇಟನ್ನು ವಿಶೇಷವಾಗಿ ನೋಡತಕ್ಕದ್ದು. ಸೋರಿದ ಕೊಳಚೆ ನೆಲದಾಳಕ್ಕೆ ಇಳಿಯಿತೆಂಬುದಕ್ಕೆ ಅದು ಬಹಳ ಕಡೆ ಸಾಕ್ಷಿಯಾಗುತ್ತದೆ, ಮತ್ತು ಕುದಿಸುವುದರಿಂದ ಅದು ಹೋಗುವುದಿಲ್ಲ.

ಇನ್ನು ಬೀದಿಯ ಮೇಲಿನ ಮಾತು. ಜಯನಗರದ ರಸ್ತೆಗಳನ್ನು ಗೆರೆಯೆಳೆದ ಕಾಲದಲ್ಲಿ ಬೀದಿಗೊಂದು ಕಾರಿದ್ದರೆ ಅದೇ ಹೆಚ್ಚು. ಇಂದು ನಗರದಲ್ಲಿ ನೋಂದಾಯಿಸಿದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ನಾಲ್ಕನೆಯ ಬ್ಲಾಕಿನ ಅಂಗಡಿಸಾಲಿನ ಬಳಿ ಹಬ್ಬದ ಮುನ್ನಾದಿನ ಹೋದವರಿಗೆ ಈ ಅಂಕಿಯನ್ನು ವಿವರಿಸಬೇಕಾಗಿಲ್ಲ. ಮನೆ ಕಟ್ಟುವಾಗ ನಕ್ಷೆಯಲ್ಲಿ ತೋರಿಸಿದ ವಾಹನದ ಜಾಗ ಆಮೇಲೆ ಅಂಗಡಿಯಾಗುತ್ತದೆ, ಬಾಡಿಗೆಯ ಕೋಣೆಯಾಗುತ್ತದೆ. ಕಾರು ಬೀದಿಗೆ ಇಳಿಯುತ್ತದೆ. ಜಪಾನಿನಲ್ಲಿ 1962ರ ಕಾನೂನಿನಂತೆ, ನಿಲ್ಲಿಸಲು ಸ್ವಂತ ಸ್ಥಳವಿದೆಯೆಂದು ತೋರಿಸದೆ ಪಟ್ಟಣದವನು ಕಾರನ್ನು ನೋಂದಾಯಿಸುವಂತಿಲ್ಲ. ನಮ್ಮಲ್ಲಿ ಅದನ್ನು ತಂದರೆ ಎಷ್ಟು ಗದ್ದಲವಾದೀತೆಂದು ನಮಗೆ ಗೊತ್ತು. ಮೊದಲು ಗದ್ದಲ ಮಾಡುವವರು ನಾವೇ ಆಗಿರಬಹುದು. ಮೋಟಾರು ವಾಹನಗಳ ಕಾನೂನಿನ 117ನೆಯ ವಿಧಿಯಂತೆ, ವಾಹನ ನಿಲ್ಲುವ ಸ್ಥಳಗಳನ್ನು ಗೊತ್ತುಮಾಡುವವರು ಸರ್ಕಾರದವರು ಅಥವಾ ಅವರು ನೇಮಿಸಿದ ಅಧಿಕಾರಿಗಳು. ಸ್ಥಳೀಯ ಸಂಸ್ಥೆಯೊಡನೆ ಅವರು ಸಮಾಲೋಚಿಸಬೇಕು. ಆ ಸಮಾಲೋಚನೆಯಲ್ಲಿ ಮ್ಯಾನ್‌ಹೋಲಿನ ಮುಚ್ಚಳವೂ ವಾಲ್ವಿನ ಗುಂಡಿಯೂ ಎಲ್ಲಿವೆಯೆಂಬ ನಕ್ಷೆ ಮೇಜಿನ ಮೇಲಿರಬೇಕೆಂದು ಯಾರೂ ಬರೆದಿಲ್ಲ.

ಮೊದಲು ಕೇಳಿದ ಪ್ರಶ್ನೆ ಇಲ್ಲಿಯೇ ಮತ್ತೆ ಎದುರಾಗುವುದು: ಬಾಗಿಲು ಯಾವುದು? ನೀರು ಮತ್ತು ಒಳಚರಂಡಿ 1964ರ ಕಾನೂನಿನಿಂದ ಹುಟ್ಟಿದ ಮಂಡಲಿಯ ಕೈಯಲ್ಲಿವೆ. ಬಡಾವಣೆಗಳನ್ನು ಕಟ್ಟುವುದು 1976ರಿಂದ ಅಭಿವೃದ್ಧಿ ಪ್ರಾಧಿಕಾರದ್ದು. ವಾಹನ ಸಂಚಾರ ಪೊಲೀಸರದ್ದು. ರಸ್ತೆ, ಮಳೆನೀರಿನ ಚರಂಡಿ, ಕಸ ನಗರಪಾಲಿಕೆಯದು. 1992ರ ಸಂವಿಧಾನದ 74ನೆಯ ತಿದ್ದುಪಡಿಯು ನೀರಿನ ಪೂರೈಕೆಯನ್ನೂ ಸೇರಿಸಿ 18 ವಿಷಯಗಳನ್ನು ನಗರ ಸಂಸ್ಥೆಗಳ ಪಟ್ಟಿಯಲ್ಲಿ ಬರೆಯಿತು. ಪಟ್ಟಿಯಲ್ಲಿ ಬರೆದುದೆಲ್ಲ ಕೈಗೆ ಬರುವುದಿಲ್ಲ. ವಾರ್ಡ್ ಸಮಿತಿಗಳು ಉಚ್ಚ ನ್ಯಾಯಾಲಯದ ಒತ್ತಾಯದಿಂದ 2017–18ರ ಸುಮಾರಿಗೆ ಚಾಲನೆಗೆ ಬಂದುವು. ಅಷ್ಟರಲ್ಲಿ 2020ರ ಸೆಪ್ಟೆಂಬರಿನಲ್ಲಿ ಬೃಹತ್ ಮಹಾನಗರಪಾಲಿಕೆಯ ಸಭೆಯ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದು ನಗರಪಾಲಿಕೆಗಳಾಗಿ ಹಂಚಿದಾಗ, ಚುನಾಯಿತ ಸಭೆಯಿಲ್ಲದೆ ಐದು ವರ್ಷಗಳು ತುಂಬಿದ್ದುವು. ಅಷ್ಟು ಕಾಲ ಅಡ್ಡರಸ್ತೆಯ ಜನರಿಗೆ ಬೈಯುವುದಕ್ಕಾದರೂ ತಮ್ಮದೆನ್ನುವ ಒಬ್ಬ ಸದಸ್ಯನಿರಲಿಲ್ಲ. ಬೈಗುಳವನ್ನು ಕೇಳಿಸಿಕೊಳ್ಳುವುದು ಪೌರಾಡಳಿತದ ಸಣ್ಣ ಕೆಲಸವೆಂದು ನಾವು ಭಾವಿಸುವುದಿಲ್ಲ. ಐದು ಪಾಲಿಕೆಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ನಿಂತಿರುವ ಪ್ರಾಧಿಕಾರದ ಉದ್ದೇಶ, ಈ ಹತ್ತು ಇಲಾಖೆಗಳನ್ನು ಒಂದುಗೂಡಿಸುವುದು. ಉದ್ದೇಶ ಒಳ್ಳೆಯದೇ. ಆದರೆ ನೀರಿನಲ್ಲಿ ವಾಸನೆಯೆಂಬ ದೂರು ಮುಖ್ಯಮಂತ್ರಿಗಳ ಮೇಜಿನವರೆಗೆ ಏರಬೇಕಾಗಿಲ್ಲ. ಅದು ಕೆಳಗೇ ಎಲ್ಲಿಯಾದರೂ ಒಂದು ಕಡೆ ನಿಲ್ಲಬೇಕು.

ನಿಂತ ಉದಾಹರಣೆಯೂ ನಮ್ಮ ಭಾಗದಲ್ಲೇ ಇದೆ. ಜೆ.ಪಿ. ನಗರದ ಏಳನೆಯ ಘಟ್ಟದ ಬಳಿ ಪುಟ್ಟೇನಹಳ್ಳಿಯ ಕೆರೆ ಒಣಗಿ ಕಸದ ಗುಂಡಿಯಾಗುತ್ತಿದ್ದಾಗ ನೆರೆಯ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಕೆರೆಯ ಪೋಷಣೆಯನ್ನು ವಹಿಸಿಕೊಂಡರು. ಪಕ್ಕದ ವಸತಿ ಸಮುಚ್ಚಯದ ಕೊಳಚೆಯನ್ನು ಶುದ್ಧಿಮಾಡಿ ಕೆರೆಗೆ ಬಿಡುವ ಏರ್ಪಾಡೂ ಆಯಿತು. ಹಕ್ಕಿಗಳು ಮರಳಿ ಬಂದುವು. ಹಿಂದೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯೆಂಬವನಿದ್ದನು. ತೂಬನ್ನು ಎತ್ತುವವನೂ ಕಾಲುವೆಯನ್ನು ಕಾಯುವವನೂ ಜಗಳವಾದರೆ ಉತ್ತರ ಹೇಳುವವನೂ ಅವನೇ. ಅವನ ಮನೆ ಎಲ್ಲಿಯೆಂದು ಊರಿಗೆಲ್ಲ ಗೊತ್ತಿತ್ತು.

ನೆರೆಮನೆಯ ಮಗು ಹತ್ತು ದಿನಗಳಲ್ಲಿ ಚೇತರಿಸಿಕೊಂಡಿತು. ಅವರ ಮನೆಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒಂದು ಭಾನುವಾರ ನಾವು ಒಂದು ಡಬ್ಬಿ ಬಿಳಿಯ ಬಣ್ಣವನ್ನು ತಂದು, ಆ ಮುಚ್ಚಳದ ಸುತ್ತ ದೊಡ್ಡದೊಂದು ಚೌಕವನ್ನು ಬರೆದೆವು. ಹೀಗೆ ರಸ್ತೆಯ ಮೇಲೆ ಬರೆಯಲು ಯಾವ ಕಛೇರಿಯ ಅನುಮತಿ ಬೇಕೋ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಇನ್ನೂ ಬರೆಯುತ್ತಿರಲಿಲ್ಲ. ಕಳೆದ ವಾರ ಅದರ ಮೇಲೆ ಒಂದು ಕಾರು ನಿಂತಿತ್ತು. ಯಾರದೆಂದು ಕೇಳಿದೆವು. ಪಕ್ಕದ ಛತ್ರಕ್ಕೆ ಮದುವೆಗೆ ಬಂದವರದೆಂದು ತಿಳಿಯಿತು. ನಾವು ಒಳಗೆ ಹೋಗಿ, ಊಟದ ಪಂಕ್ತಿಯ ನಡುವೆ ನಿಂತು, ಕಾರಿನ ನಂಬರನ್ನು ಗಟ್ಟಿಯಾಗಿ ಕೂಗಿದೆವು.