ಮೊಲ ತಾನೇ ಆರಿಸಿಕೊಳ್ಳುವ ಮೂಲೆ



ಮಕ್ಕಳ ಆಸೆಗೆಂದು ಮೊಲ ತಂದವರು ತಿಂಗಳೊಪ್ಪತ್ತಿನಲ್ಲೇ ಅದನ್ನು ಬಾಲ್ಕನಿಯ ಪಂಜರಕ್ಕೆ ಹಾಕಿಬಿಡುವುದುಂಟು. ಯಾಕೆ ಎಂದರೆ, ಮನೆ ತುಂಬ ಹಿಕ್ಕೆ ಹಾಕುತ್ತದೆ, ಸೋಫಾ ಮೇಲೆ ಉಚ್ಚೆ ಹೊಯ್ಯುತ್ತದೆ ಎಂಬ ಉತ್ತರ ಬರುತ್ತದೆ. ಆ ಪಂಜರದ ತಂತಿಯ ತಳದ ಮೇಲೆ ಕೂತು ಕೂತು ಅದರ ಅಂಗಾಲು ಹುಣ್ಣಾಗುತ್ತದೆ. ಬೇಸಿಗೆಯ ಬಿಸಿಲನ್ನಂತೂ ಮೊಲ ತಡೆಯುವುದೇ ಇಲ್ಲ. ಇದಿಷ್ಟೂ ಬೇಕಿಲ್ಲದ ಕಷ್ಟ. ಒಂದೇ ಜಾಗದಲ್ಲಿ ಶೌಚ ಮಾಡುವ ಗುಣ ಮೊಲದ ಸ್ವಭಾವದಲ್ಲೇ ಇದೆ. ಅದು ಎಲ್ಲಿಂದ ಬಂತೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮನೆಗಳಲ್ಲಿ ಸಾಕುವ ಮೊಲಗಳೆಲ್ಲ ಯುರೋಪಿನ ಮೊಲದ ಸಂತತಿ. ಸ್ಪೇನ್, ಪೋರ್ಚುಗಲ್ ಕಡೆ ಅದರ ಮೂಲ. ಅಲ್ಲಿ ಅವು ಗುಂಪುಗುಂಪಾಗಿ ಬಿಲ ತೋಡಿಕೊಂಡು ಬಾಳುತ್ತವೆ. ಬಿಲದ ಆಸುಪಾಸಿನಲ್ಲಿ, ತಮ್ಮ ಗಡಿಯಲ್ಲಿ ಗೊತ್ತಾದ ಜಾಗಗಳಲ್ಲಿ ಹಿಕ್ಕೆ ಹಾಕುತ್ತವೆ. ಇದು ನಮ್ಮ ಜಾಗ ಎಂದು ಆ ವಾಸನೆ ಬೇರೆ ಮೊಲಗಳಿಗೆ ಸಾರುತ್ತದೆ. ನಮ್ಮ ಹೊಲಗದ್ದೆಗಳ ಕಾಡುಮೊಲ ಬೇರೆಯದೇ ಪ್ರಾಣಿ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ, ಅದರ ಮರಿ ಕಣ್ಣು ಬಿಟ್ಟೇ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದನ್ನು ಹಿಡಿದು ಸಾಕುವ ಹಾಗಿಲ್ಲ.

ಮೊಲವನ್ನು ನಾಯಿ ಬೆಕ್ಕಿನಂತೆ ಮನೆಯೊಳಗೇ ಇಟ್ಟುಕೊಳ್ಳಬಹುದು ಎಂದು ಹಲವರಿಗೆ ಮನಗಾಣಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯಾರಿನೆಲ್ ಹ್ಯಾರಿಮನ್. ಅವರು 1985ರಲ್ಲಿ ಇದನ್ನೇ ಕುರಿತು ಕೈಪಿಡಿ ಬರೆದರು. 1988ರಲ್ಲಿ ಅಲ್ಲಿ ಹೌಸ್ ರ್‍ಯಾಬಿಟ್ ಸೊಸೈಟಿ ಎಂಬ ಸಂಘವೂ ಹುಟ್ಟಿತು.

ಹೊಸದಾಗಿ ಬಂದ ಮೊಲಕ್ಕೆ ಇಡೀ ಮನೆ ಬಿಟ್ಟುಕೊಡಬೇಡಿ. ಒಂದು ಕೋಣೆಯ ಸ್ವಲ್ಪ ಭಾಗಕ್ಕೆ ಅಡ್ಡ ಕಟ್ಟಿ, ಅಲ್ಲಿ ಬಿಡಿ. ಅದು ಯಾವ ಮೂಲೆಗೆ ಹೋಗಿ ಉಚ್ಚೆ ಹೊಯ್ಯುತ್ತದೆಂದು ಗಮನಿಸಿ, ಶೌಚದ ಟ್ರೇಯನ್ನು ಅಲ್ಲೇ ಇಡಿ. ನಿಮಗೆ ಅನುಕೂಲವಾದ ಮೂಲೆಯಲ್ಲಿಟ್ಟು ಮೊಲ ಅಲ್ಲಿಗೆ ಬರಲೆಂದು ಕಾಯುವುದು ವ್ಯರ್ಥ. ಅದು ಮೂಲೆ ಬದಲಿಸಿದರೆ ಟ್ರೇಯೂ ಹಿಂದೆಯೇ ಹೋಗಲಿ. ಅಭ್ಯಾಸ ಕೂತ ಮೇಲೆ ಓಡಾಡುವ ಜಾಗವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ.

ಟ್ರೇ ದೊಡ್ಡದಿರಲಿ, ಮೊಲ ಅದರೊಳಗೆ ಮೈಚಾಚಿ ಕೂರುವಷ್ಟು. ಮರಿಗೂ ಮುದಿಮೊಲಕ್ಕೂ ಒಂದು ಬದಿ ತಗ್ಗಾಗಿರಬೇಕು. ತಳಕ್ಕೆ ಹಳೆ ದಿನಪತ್ರಿಕೆಯ ನಾಲ್ಕಾರು ಹಾಳೆ, ಮೇಲೆ ಒಣಹುಲ್ಲು ಹಾಸಿದರೆ ಸಾಕು. ಅಂಗಡಿಯವರು ಬೆಕ್ಕಿಗೆ ಮಾರುವ, ನೀರು ಬಿದ್ದರೆ ಗಟ್ಟಿಯಾಗುವ ಮಣ್ಣಿನ ಪುಡಿಯನ್ನು ಮಾತ್ರ ಎಂದಿಗೂ ಬಳಸಬೇಡಿ. ಮೊಲ ಎದುರಿಗಿದ್ದುದನ್ನೆಲ್ಲ ಕಡಿದು ನೋಡುತ್ತದೆ, ನುಂಗಿದ್ದನ್ನು ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ. ಆ ಪುಡಿ ಕರುಳಿನಲ್ಲಿ ಗಟ್ಟಿಯಾಗಿ ಕೂತರೆ ಪ್ರಾಣಕ್ಕೇ ಸಂಚಕಾರ. ಸಾಮಿಲ್ಲಿನ ಹೊಟ್ಟೂ ಬೇಡ. ಅದು ಯಾವ ಮರದ್ದೋ ತಿಳಿಯದು. ಪೈನ್, ಸೀಡರ್‌ನಂಥ ಮರಗಳ ಹಸಿ ಹೊಟ್ಟಿನ ಘಾಟು ಯಕೃತ್ತಿಗೆ ಕೆಟ್ಟದ್ದು, ಧೂಳು ಶ್ವಾಸಕ್ಕೆ ಕೆಟ್ಟದ್ದು.

ಈಗ ಹುಲ್ಲಿನ ವಿಚಾರ. ತಿನ್ನುವ ಹುಲ್ಲನ್ನು ಟ್ರೇಯ ಒಂದು ತುದಿಯಲ್ಲೋ, ಅದಕ್ಕೆ ತಾಗಿದ ಬುಟ್ಟಿಯಲ್ಲೋ ಇಡಿ. ಶೌಚದ ಜಾಗದಲ್ಲಿ ಊಟವೇ ಎಂದು ನಮಗೆ ಹೇಸಿಗೆ ಎನಿಸಬಹುದು, ಮೊಲಕ್ಕೆ ಅದೇ ಸಹಜ. ಅದು ಹುಲ್ಲು ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ನಾರು ಒಳಗೆ ಹೋಗುತ್ತಿದ್ದರೆ ಮಾತ್ರ ಅದರ ಕರುಳು ಚಲಿಸುತ್ತಿರುತ್ತದೆ. ದಿನಕ್ಕೆ ಇನ್ನೂರು, ಮುನ್ನೂರು ಹಿಕ್ಕೆ ಬೀಳುವುದು ಸಾಮಾನ್ಯ. ನನ್ನ ಮಟ್ಟಿಗೆ ಟ್ರೇ ಅಭ್ಯಾಸ ಮಾಡಿಸುವ ಉಪಾಯಗಳಲ್ಲೆಲ್ಲ ಇದೇ ದೊಡ್ಡದು. ಹುಲ್ಲನ್ನು ಅಡುಗೆಮನೆಯಲ್ಲಿಟ್ಟು ಟ್ರೇಯನ್ನು ವರಾಂಡದಲ್ಲಿಟ್ಟವರ ಮನೆಯಲ್ಲಿ ಮೊಲ ಏನು ಮಾಡಬೇಕು ಹೇಳಿ?

ಟ್ರೇ ಹೊರಗೆ ಅಲ್ಲೊಂದು ಇಲ್ಲೊಂದು ಹಿಕ್ಕೆ ಬಿದ್ದರೆ ಬೇಸರ ಬೇಡ. ಅದು ಗಡಿ ಗುರುತು. ಕಡಲೆಕಾಳಿನಂತೆ ದುಂಡಗೆ, ಒಣಗಿ ಇರುತ್ತದೆ, ನಮ್ಮ ಮೂಗಿಗೆ ವಾಸನೆ ತಿಳಿಯದು. ಗುಡಿಸಿ ಹೂಗಿಡದ ಬುಡಕ್ಕೆ ಹಾಕಿದರೆ ಒಳ್ಳೆ ಗೊಬ್ಬರ. ಉಚ್ಚೆ ಹೊರಗೆ ಬಿದ್ದರೆ ಕಾಗದದಿಂದ ಒರೆಸಿ, ಆ ಕಾಗದವನ್ನು ಟ್ರೇಯಲ್ಲಿ ಹಾಕಿ. ವಾಸನೆ ಮೊಲವನ್ನು ಅಲ್ಲಿಗೆ ಕರೆಯುತ್ತದೆ. ನೆಲವನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ. ಮೊಲ ತನ್ನ ಮೈಯ ಹೆಚ್ಚಿನ ಸುಣ್ಣದಂಶವನ್ನು ಉಚ್ಚೆಯಲ್ಲೇ ಹೊರಹಾಕುವುದರಿಂದ ಟ್ರೇಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದಕ್ಕೂ ವಿನೆಗರೇ ಮದ್ದು. ಹಾಸನ್ನು ದಿನವೂ ಬದಲಿಸದಿದ್ದರೆ ಅಮೋನಿಯಾ ಏರಿ ಮೊಲದ ಮೂಗು, ಶ್ವಾಸಕೋಶ ಕೆಡುತ್ತವೆ.

ಬೈಯುವುದು, ಹೊಡೆಯುವುದು, ಮೂತಿ ಹಿಡಿದು ತೋರಿಸುವುದು ಬೇಡವೇ ಬೇಡ. ಬೇರೆ ಪ್ರಾಣಿಗಳಿಗೆ ಆಹಾರವಾಗಿ ಬಾಳಿದ ಜೀವ ಅದು. ಯಾಕೆ ಬೈದಿರಿ ಎಂದು ಅದಕ್ಕೆ ತಿಳಿಯದು, ನಿಮ್ಮನ್ನು ಕಂಡರೆ ಭಯ ಮಾತ್ರ ಉಳಿಯುತ್ತದೆ.

ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬಂದಾಗ ಚೆನ್ನಾಗಿ ಕಲಿತಿದ್ದ ಮೊಲವೂ ಕಂಡಲ್ಲೆಲ್ಲ ಉಚ್ಚೆ ಚಿಮ್ಮಿಸತೊಡಗಬಹುದು. ಇದಕ್ಕೆ ಪರಿಹಾರ ಸಂತಾನಹರಣ ಚಿಕಿತ್ಸೆ. ಅದಾದ ಮೇಲೂ ಕೆಲವು ವಾರ ತಾಳ್ಮೆ ಬೇಕು, ಹಾರ್ಮೋನು ಇಳಿಯುವವರೆಗೆ. ಚಿಕಿತ್ಸೆ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹಳ ಹೆಚ್ಚು, ಆದ್ದರಿಂದ ಅವುಗಳ ಆಯುಷ್ಯಕ್ಕೂ ಇದು ಒಳ್ಳೆಯದೇ. ಮೊಲಗಳ ಅನುಭವವಿರುವ ಪಶುವೈದ್ಯರನ್ನೇ ಹುಡುಕಿ. ಶಸ್ತ್ರಚಿಕಿತ್ಸೆಗೆ ಮುಂಚೆ ನಾಯಿಯಂತೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕಿ ಎಂದು ಯಾರಾದರೂ ಹೇಳಿದರೆ, ಮೊಲಕ್ಕೆ ಉಪವಾಸ ಸಲ್ಲದು ಎಂದು ನೀವೇ ನೆನಪಿಸಿ.

ಇನ್ನೊಂದು ಸಂಗತಿ. ಗಟ್ಟಿ ಹಿಕ್ಕೆಯಲ್ಲದೆ ದ್ರಾಕ್ಷಿ ಗೊಂಚಲಿನ ಆಕಾರದ ಮೆತ್ತನೆಯ ಹಿಕ್ಕೆಯನ್ನೂ ಮೊಲ ಹಾಕುತ್ತದೆ, ಬಾಯಿ ಹಚ್ಚಿ ಅದನ್ನು ತಕ್ಷಣ ತಿಂದುಬಿಡುತ್ತದೆ. ತಡೆಯಬೇಡಿ. ಮೊದಲ ಸಲ ಜೀರ್ಣವಾಗದ ಸತ್ವವನ್ನು ಅದು ಪಡೆಯುವುದು ಹೀಗೆ. ಆ ಮೆತ್ತನೆ ಹಿಕ್ಕೆ ತಿನ್ನದೆ ನೆಲದ ಮೇಲೇ ಉಳಿಯುತ್ತಿದ್ದರೆ ಹುಲ್ಲು ಕಡಿಮೆಯಾಗಿ ಕಾಳು, ಹಣ್ಣು, ಕ್ಯಾರೆಟ್ ಹೆಚ್ಚಾಗಿದೆಯೇ ನೋಡಿ.

ಟ್ರೇ ಇದ್ದರೆ ಮೊಲದ ಆರೋಗ್ಯ ದಿನವೂ ಕಣ್ಣಿಗೆ ಕಾಣುತ್ತದೆ. ಹಿಕ್ಕೆ ಸಣ್ಣದಾದರೆ, ಸಂಖ್ಯೆ ಇಳಿದರೆ ಎಚ್ಚರವಾಗಿ. ಮೊಲ ಹುಲ್ಲು ಮುಟ್ಟದೆ, ಹತ್ತು ಹನ್ನೆರಡು ಗಂಟೆ ಟ್ರೇಯಲ್ಲಿ ಒಂದೂ ಹಿಕ್ಕೆ ಬೀಳದಿದ್ದರೆ ಕರುಳು ನಿಂತಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.